ನಿಮಗಿದು ಗೊತ್ತೆ? ದೋಣಿಗೆ ಬಳಿಯುವುದು ಬರೀ ಬಣ್ಣವಲ್ಲ

ವಿಜಯಪುರ ಜಿಲ್ಲೆಯ ಹೊನವಾಡದಂಥ ಬಯಲುಸೀಮೆಯ ಊರಲ್ಲಿ ದೋಣಿಯ ಮಾತೇಕೆ ಎನ್ನಬೇಡಿ. ಈ ಜಿಲ್ಲೆಯಲ್ಲಿ ‘ಡೋಣಿ’ ಹೆಸರಿನ ನದಿಯೇ ಇದೆ. ನಿಜವಾದ ದೋಣಿ ಕಾಣಲು ಮಾತ್ರ ಕೃಷ್ಣೆಯ ದಂಡೆಗೇ ಹೋಗಬೇಕು!

ಹೊಳೆಯ ಹರಿಗೋಲಿಗೆ ಬಣ್ಣದ ಗೊಡವೆಯಿಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರಬಹುದಿತ್ತಂತೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಮೇಲೆ ಕಾಯಿಸಿದ ಡಾಂಬರು. ನೋಡಲು ಚೆಂದವಲ್ಲ, ಆದರೆ ನೀರು ಒಳಗೆ ಬಿಡದು.

ಕಡಲ ದೋಣಿಯ ಕಷ್ಟವೇ ಬೇರೆ. ಉಪ್ಪುನೀರಿನ ಹುಳು ಮರವನ್ನೇ ಕೊರೆಯುತ್ತದೆ, ಚಿಪ್ಪುಜೀವಿಗಳು ತಳಕ್ಕೆ ಅಂಟಿ ವೇಗ ತಗ್ಗಿಸುತ್ತವೆ. ಅದಕ್ಕೇ ಕರಾವಳಿಯವರು ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಿದ್ದರು. ಇಂದು ದೊಡ್ಡ ದೋಣಿಗಳ ತಳಕ್ಕೆ ಹೆಚ್ಚಾಗಿ ತಾಮ್ರದ ಅಂಶವುಳ್ಳ ಬಣ್ಣ. ಒಂದು ಕಾಲಕ್ಕೆ ತವರದ ಸಂಯುಕ್ತ ಬೆರೆಸಿದ ಬಣ್ಣ ಇನ್ನೂ ಪರಿಣಾಮಕಾರಿಯಾಗಿತ್ತು. ಅದು ಕಡಲಜೀವಿಗಳಿಗೇ ವಿಷವೆಂದು ತಿಳಿದ ಮೇಲೆ ಅಂತರರಾಷ್ಟ್ರೀಯ ಒಪ್ಪಂದವೊಂದು 2008ರಿಂದ ಅದನ್ನು ನಿಷೇಧಿಸಿತು.