ಇಳಿಜಾರು ಹಿತ್ತಲಲ್ಲಿ ಟರ್ಫ್ ಅಂಗಳ: ಹುಲ್ಲಿಗಿಂತ ಮೊದಲು ನೀರಿನ ಲೆಕ್ಕ

ಮಣ್ಣು, ಗೊಬ್ಬರ, ಕಾಯಿಪಲ್ಲೆ ಬಗ್ಗೆ ಬರೆಯುವ ನಾನು ಈ ವಾರ ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಬರೀತಿದ್ದೇನೆ. ತೋಟಗಾರಿಕೆ ಓದಿ ಸಾವಯವ ಕೃಷಿಗೆ ಬಂದವನಿಗೆ ಇದೇನು ಬಂತು ಅಂತ ನಮ್ಮ ಮನೆಯಲ್ಲೂ ಕೇಳಿದರು.

ಕಾರಣ ನಮ್ಮ ಅಣ್ಣನ ಮಗಳು. ಶಾಲೆಯ ಹಾಕಿ ತಂಡದಲ್ಲಿ ಆಡುತ್ತಾಳೆ. ಸಂಜೆ ಬಯಲಿನಲ್ಲಿ ಹುಡುಗರ ಕ್ರಿಕೆಟ್, ಹೆಣ್ಣುಮಕ್ಕಳಿಗೆ ಜಾಗವೇ ಸಿಗೋದಿಲ್ಲ. "ಕಾಕಾ, ಹಿತ್ತಲದಾಗ ಒಂದ್ ಸಣ್ಣ ಟರ್ಫ್ ಮಾಡಿಕೊಡು" ಅಂತ ಹಟ ಹಿಡಿದಳು.

ಅವಳ ಮಾತಿನಲ್ಲಿ ಹುರುಳಿತ್ತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲ ಇದ್ದರು. ಆಗ ಆಟ ನಿಜವಾದ ಹುಲ್ಲಿನ ಮೇಲೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹಾಸು ಬಂತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಟರ್ಫ್ ಮೇಲೆ ಚೆಂಡಿನ ಓಟವೇ ಬೇರೆ. ಅದನ್ನು ಕಲಿಯಲು ಟರ್ಫೇ ಬೇಕು.

ನಾವು ಮಾಡಿದ ತಪ್ಪು

ಕಮಲನಾರಾಯಣ ಗುಡಿ ನೋಡಲು ಬಂದವರಿಗೆ ದೇಗಾಂವ ಗೊತ್ತು. ಇದು ಮಲೆನಾಡಿನ ಸೆರಗು, ಮಳೆ ಹಿಡಿದರೆ ಬಿಡುವುದಿಲ್ಲ. ನಮ್ಮ ಹಿತ್ತಲು 10 ಮೀಟರಿಗೆ 1 ಮೀಟರ್ ಇಳಿಯುತ್ತದೆ. ನಾವು ಹಾಕಿಕೊಂಡ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ.

ಮೊದಲ ಗುತ್ತಿಗೆದಾರರು ಉದ್ದ ಬದಿಯನ್ನು ಇಳಿಜಾರಿನ ಜೊತೆಗೇ ಇಟ್ಟರು. ಅಂದರೆ ಮೇಲಿನಿಂದ ಕೆಳಗೆ ನಾಲ್ಕು ಅಡಿ ವ್ಯತ್ಯಾಸ. ಜೆಸಿಬಿ ಮೇಲ್ಮಣ್ಣು, ಅಡಿಮಣ್ಣು ಎಲ್ಲ ಕೂಡಿಸಿ ಕೆಳಗೆ ತಳ್ಳಿತು. ಮುಂದೆ ತೂತಿಲ್ಲದ ಸಿಮೆಂಟ್ ಗೋಡೆ ಎದ್ದಿತು. ಜುಲೈ ಮಳೆಗೆ ಗೋಡೆ ಹೊಟ್ಟೆ ಬಿಟ್ಟಿತು, ಕೆಳ ಅಂಚು ಕುಸಿಯಿತು, ಅವ್ವನ ಮೆಂತ್ಯದ ಮಡಿ ಕೆಸರಿನಲ್ಲಿ ಹೋಯಿತು. ಟರ್ಫ್ ಇನ್ನೂ ಹಾಸಿರಲಿಲ್ಲ, ಅದೊಂದೇ ಪುಣ್ಯ. "ನೀರಿಗೆ ದಾರಿ ಕೊಡಲಿಲ್ಲಂದ್ರ ಅದು ತಾನ ಮಾಡ್ಕೋತೈತಿ" ಅಂದಳು ಅವ್ವ. ಬದು ಹಾಕುವಾಗ ನಾನು ಊರಿಗೆಲ್ಲ ಹೇಳುವ ಪಾಠ, ನನ್ನ ಹಿತ್ತಲಲ್ಲೇ ಮರೆತಿದ್ದೆ.

ಎರಡನೇ ಸಲ ಮಾಡಿದ್ದು

ಅಡ್ಡ ಇಡಿ: ಉದ್ದ ಬದಿ ಇಳಿಜಾರಿಗೆ ಅಡ್ಡ ಇರಲಿ. ಆಗ ವ್ಯತ್ಯಾಸ 80 ಸೆಂ.ಮೀ. ಮಾತ್ರ: ಮೇಲೆ 40 ಕಡಿತ, ಕೆಳಗೆ 40 ಭರ್ತಿ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಸಾಕು.

ಮೇಲ್ಮಣ್ಣು ಉಳಿಸಿ: ಮೊದಲು ಮೇಲಿನ ಅರ್ಧ ಅಡಿ ಮಣ್ಣು ತೆಗೆದು ಬೇರೆ ಗುಡ್ಡೆ ಹಾಕಿ. ಇಷ್ಟು ಜಾಗದಲ್ಲಿ ಅದು ಸುಮಾರು 14 ಘನ ಮೀಟರ್, ಅಂದರೆ ನೂರು ಘನ ಅಡಿಯ ಐದು ಟ್ರಾಲಿ. ಅಂಗಳದ ಕೆಳಗೆ ಅದು ಕೊಳೆತು ಕುಸಿಯುತ್ತದೆ, ಕಾಯಿಪಲ್ಲೆ ಮಡಿಯಲ್ಲಿ ಚಿನ್ನವಾಗುತ್ತದೆ.

ಭರ್ತಿಗೆ ಗರಸು: ಬೈಲಹೊಂಗಲ, ಸವದತ್ತಿ ಕಡೆಯವರು ಎರೆಮಣ್ಣು ಮಾತ್ರ ತುಂಬಬೇಡಿ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗರಸನ್ನು 15 ಸೆಂ.ಮೀ. ಪದರ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಓಡಿಸಿ.

ನೀರಿಗೆ ದಾರಿ: 50 ಮಿ.ಮೀ. ಮಳೆ ಬಿದ್ದರೆ ಈ ಅಂಗಳದ ಮೇಲೆ ಬೀಳುವ ನೀರು 4,800 ಲೀಟರ್. ಮೇಲಿನಿಂದ ಹರಿದು ಬರುವುದು ಬೇರೆ. ಅದಕ್ಕೆ ಮೇಲ್ಬದಿಯಲ್ಲಿ ಅಡ್ಡ ಕಾಲುವೆ ತೋಡಿ. ಕೆಳಗೆ ಕಲ್ಲಿನ ತಡೆಗೋಡೆ ಕಟ್ಟಿ, ಮೀಟರಿಗೊಂದು ಪೈಪ್ ತುಂಡಿನ ತೂತು ಬಿಡಿ, ಗೋಡೆಯ ಬೆನ್ನಿಗೆ ಖಡಿ ತುಂಬಿ. ಗೋಡೆಯ ಬುಡದಲ್ಲಿ ಲಾವಂಚ ನೆಡಿ, ಬೇರು ಮಣ್ಣನ್ನು ಹಿಡಿಯುತ್ತದೆ. ಅಂಗಳ ಪೂರ್ತಿ ಸಪಾಟು ಬೇಡ, 8 ಮೀಟರಿಗೆ 8 ಸೆಂ.ಮೀ. ಇಳಿತ ಇರಲಿ. ಗೋಡೆ ಮೂರ್ನಾಲ್ಕು ಅಡಿ ದಾಟುವಂತಿದ್ದರೆ ಎಂಜಿನಿಯರ್ ಕೇಳಿಯೇ ಕಟ್ಟಿಸಿ.

ಒಂದು ಮಳೆಗಾಲ ಕಾಯಿರಿ: ಇದೇ ಮುಖ್ಯ ಮಾತು. ಬೇಸಿಗೆಯಲ್ಲಿ ಮಟ್ಟ ಮಾಡಿ, ಮಳೆಗಾಲ ಪೂರ್ತಿ ಹಾಗೇ ಬಿಡಿ. ಎಲ್ಲಿ ಕುಸಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಅಂತ ಮಳೆಯೇ ತೋರಿಸುತ್ತದೆ. ದೀಪಾವಳಿ ಆದ ಮೇಲೆ ಸರಿಪಡಿಸಿ, ಖಡಿಯ ಪದರ ಹಾಕಿ, ಆಮೇಲೆ ಟರ್ಫ್ ಹಾಸಿ.

ಟರ್ಫ್ ಆರಿಸುವಾಗ

ಹಾಕಿಗೆ ಗಿಡ್ಡ ಎಳೆ, ನಡುವೆ ಸಿಲಿಕಾ ಮರಳು. ಫುಟ್ಬಾಲ್ ಟರ್ಫ್‌ಗೆ ಹಾಕುವ ರಬ್ಬರ್ ಕಾಳು ನಾವು ಬೇಡ ಅಂದೆವು. ಮಳೆಗೆ ಕೊಚ್ಚಿ ಹೊಲ ಸೇರಿದರೆ ಆರಿಸಿ ತೆಗೆಯಲು ಆಗದು. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ ಇಂಥ ಕಾಳಿನ ಮಾರಾಟ ಅಲ್ಲಿ 2031ಕ್ಕೆ ನಿಲ್ಲುತ್ತದೆ.

ಕಾಳು ಇಲ್ಲದಿದ್ದರೂ ಹುಲ್ಲಿನ ಎಳೆ ಸವೆದು ಉದುರುತ್ತದೆ. ಅದಕ್ಕೆ ನೀರು ಹೊರಹೋಗುವ ಕಡೆ ಸಣ್ಣ ಗುಂಡಿ ಮಾಡಿ, ಒತ್ತು ಹೆಣಿಗೆಯ ಜಾಲರಿ ಕಟ್ಟಿದ್ದೇವೆ. ಈ ನೀರು ಕಾಯಿಪಲ್ಲೆ ಮಡಿಗೆ ಹೋಗೋದಿಲ್ಲ. ಕಾಲುವೆಯ ನೀರು ಮಾತ್ರ ಬಾಳೆಗೆ ಹೋಗುತ್ತದೆ.

ಬೇಸಿಗೆಯ ನಡುಮಧ್ಯಾಹ್ನ ಟರ್ಫ್ ಮೈ 60 ಡಿಗ್ರಿ ದಾಟಬಲ್ಲದು. ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ. ನಮ್ಮಲ್ಲಿ ಆಟ ಬೆಳಿಗ್ಗೆ ಎಂಟರ ಒಳಗೆ, ಸಂಜೆ ಐದರ ಮೇಲೆ. ಎಂಟ್ಹತ್ತು ವರ್ಷಕ್ಕೆ ಹಾಸು ಸವೆಯುತ್ತದೆ. ಆಗ ಅದನ್ನು ಬದುವಿನ ಮೇಲೆ ಎಸೆಯುವುದು, ಸುಡುವುದು ಎರಡೂ ತಪ್ಪು. ಹಳೆಯದನ್ನು ವಾಪಸ್ ಒಯ್ಯುತ್ತೀರಾ ಅಂತ ಕೊಳ್ಳುವಾಗಲೇ ಕೇಳಿ, ಬರೆಸಿಕೊಳ್ಳಿ.

ಎಲ್ಲರಿಗೂ ಟರ್ಫ್ ಬೇಕೇ?

ಬೇಡ. ಕಬಡ್ಡಿ, ಖೋ ಖೋ, ವಾಲಿಬಾಲ್ ಆಡುವ ಮಕ್ಕಳಿದ್ದರೆ ಮಟ್ಟ ಮಾಡಿ ಹದಗೊಳಿಸಿದ ಮಣ್ಣಿನ ಅಂಗಳವೇ ಸಾಕು. ಸುತ್ತ ಗರಿಕೆ ಹಬ್ಬಿಸಿ. ಇಳಿಜಾರಿನ ಕೆಲಸ ಎರಡಕ್ಕೂ ಒಂದೇ, ಟರ್ಫಿನ ಖರ್ಚು ಮಾತ್ರ ಉಳಿಯುತ್ತದೆ. ನಮ್ಮ ಹುಡುಗಿ ಕಬಡ್ಡಿ ಆಡುವವಳಾಗಿದ್ದರೆ ನಾನೂ ಮಣ್ಣಿಗೇ ನಿಲ್ಲುತ್ತಿದ್ದೆ.

ಈಗ ಸಂಜೆ ಅವಳ ಜೊತೆ ಇನ್ನೂ ನಾಲ್ಕು ಹುಡುಗಿಯರು ಸ್ಟಿಕ್ ಹಿಡಿದು ಬರುತ್ತಾರೆ. ಉಳಿಸಿದ ಮೇಲ್ಮಣ್ಣಿನಲ್ಲಿ ಅವ್ವನ ಮೆಂತ್ಯ ಮತ್ತೆ ಎದ್ದಿದೆ. ವಾರಕ್ಕೊಮ್ಮೆ ಜಾಲರಿ ತೊಳೆಯುವ ಕೆಲಸವನ್ನು ಅವ್ವ ಮೊಮ್ಮಗಳಿಗೇ ವಹಿಸಿದ್ದಾಳೆ: "ಆಟ ನಿಂದು, ಅದರ ಕಸಾನೂ ನಿಂದ."