ನೈರುತ್ಯದ ಕಿಟಕಿಗೆ ನಿರಿಗೆ

ತುಮಕೂರು ರಸ್ತೆಯಲ್ಲಿ ಹೋಗಿಬರುವವರಿಗೆ ಸೋಂಪುರ ಎಂದರೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಸಾಲುಗಟ್ಟಿ ನಿಂತ ಲಾರಿಗಳು, ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆಗೆ ಒಡೆಯುವ ದಾರಿ. ಇಲ್ಲಿಯೇ ಇರುವವರಿಗೆ ಮಾತ್ರ ಮೊದಲು ಶಿವಗಂಗೆ, ಆಮೇಲೆ ಉಳಿದದ್ದು. ಬೆಟ್ಟ ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಹಾವು ಎನ್ನುತ್ತಾರೆ. ನಾವು ಉತ್ತರದವರು, ನಮ್ಮ ಪಾಲಿಗೆ ಬಂದದ್ದು ಹಾವು.

ಆ ಹೆಡೆ ಕಾಣಲೆಂದೇ ಈ ಹೊಸ ಮನೆಯ ಮಗ ಮಹಡಿಯ ಕೋಣೆಗೆ ನೈರುತ್ಯದಲ್ಲಿ ಮೂಲೆ ಕಿಟಕಿ ಇಡಿಸಿದ್ದಾನೆ. ಅರ್ಧ ದಕ್ಷಿಣದ ಗೋಡೆಗೆ, ಅರ್ಧ ಪಡುವಣದ ಗೋಡೆಗೆ. ಅಜ್ಜಿಗೆ ಇದು ಇನ್ನೂ ಗಂಟಲಲ್ಲಿ ಇಳಿದಿಲ್ಲ. "ನೈರುತ್ಯ ಭಾರ ಇರ್ಬೇಕು ಕಣಪ್ಪ, ಬೀರು ಇಡೋ ಜಾಗ ಅದು" ಎಂದು ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಹೇಳಿಯಾಗಿದೆ. ವಾಸ್ತುವನ್ನು ಪಕ್ಕಕ್ಕಿಟ್ಟರೂ ಅವರ ಕಾಲದ ಮನೆಗಳಲ್ಲಿ ಮೂಲೆ ಒಡೆಯುವ ಮಾತೇ ಇರಲಿಲ್ಲ. ಮಣ್ಣಿನ ಗೋಡೆ ಮಾಡಿನ ಭಾರ ಹೊರುತ್ತಿತ್ತು. ಎರಡು ಗೋಡೆ ಒಂದನ್ನೊಂದು ಹಿಡಿದು ನಿಲ್ಲುತ್ತಿದ್ದುದೇ ಮೂಲೆಯಲ್ಲಿ. ಕಾಂಕ್ರೀಟ್ ಕಂಬ ಭಾರ ಹೊರಲು ಬಂದ ಮೇಲೆ ಮೂಲೆಗೆ ಬಿಡುವಾಯಿತು. ನೆದರ್‌ಲ್ಯಾಂಡಿನ ಯುಟ್ರೆಕ್ಟ್‌ನಲ್ಲಿ ವಾಸ್ತುಶಿಲ್ಪಿ ರೀಟ್‌ವೆಲ್ಡ್ 1924ರಲ್ಲೇ ಶ್ರೋಡರ್ ಮನೆ ಕಟ್ಟಿದಾಗ, ಮಹಡಿಯ ಎರಡು ಕಿಟಕಿ ತೆರೆದರೆ ಮೂಲೆಯೇ ಮಾಯವಾಗುವಂತೆ ಮಾಡಿದ್ದ. ಇಲ್ಲಿ ಅಷ್ಟು ಧೈರ್ಯ ಮಾಡಿಲ್ಲ. ಒಂಬತ್ತಿಂಚಿನ ಕಂಬ ಗೋಡೆಯ ದಪ್ಪದಲ್ಲೇ ಅಡಗಿ ನಿಂತಿದೆ. ಕೋಣೆಯ ನಡುವೆ ನಿಂತರೆ ಅದು ಸರಿಯಾಗಿ ಹೆಡೆಗೇ ಅಡ್ಡ. ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಬೇಕು.

ಕರ್ಟನ್ ಹೊಲಿಯುವವರು ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಕಾಲ ಬಳಿ ಎರಡು ದಪ್ಪ ಸ್ಯಾಂಪಲ್ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಸ್ಟೀಲ್ ಟೇಪು. ಬಟ್ಟೆಯ ಟೇಪು ಜಗ್ಗುತ್ತದೆ, ಅದು ಬ್ಲೌಸಿಗೆ ಸರಿ ಎನ್ನುತ್ತಾರೆ. ಸೊಸೆ ತಾನೇ ಒಂದು ಸಲ ಅಳೆದು ಚೀಟಿಯಲ್ಲಿ ಬರೆದಿಟ್ಟಿದ್ದಳು. ಅವರು ಚೀಟಿಯನ್ನು ತಿರುಗಿಸಿ ನೋಡಿ, ಹಿಂಭಾಗದಲ್ಲಿ ಹೊಸದಾಗಿ ಬರೆಯತೊಡಗಿದರು.

"ಮೂಲೆಗೆ ಟೇಪು ಒತ್ತಿದ್ರೆ ಬಗ್ಗುತ್ತೆ ಅಕ್ಕಾ. ಬಗ್ಗಿದ್ ಕಡೆ ಸುಳ್ಳು ಹೇಳುತ್ತೆ."

ಅದಕ್ಕೇ ಅವರು ಟೇಪನ್ನು ಮೂಲೆಯವರೆಗೆ ಒಯ್ಯಲೇ ಇಲ್ಲ. ಮೂಲೆಯಿಂದ ಅಡಿಪಟ್ಟಿ ಹಿಡಿದು ಹನ್ನೆರಡು ಇಂಚಿಗೆ ಗೋಡೆಯ ಮೇಲೆ ಗೆರೆ ಎಳೆದರು. ಆಚೆ ತುದಿಯಿಂದ ಆ ಗೆರೆಯವರೆಗೆ ಟೇಪು ಹಿಡಿದು, ಎರಡನ್ನೂ ಕೂಡಿದರು. ದಕ್ಷಿಣದ್ದು 60 ಇಂಚು. ಪಡುವಣದ್ದು 52. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ಎಂದು ಮೂರು ಕಡೆ ಹಿಡಿದರು. 48 ಇಂಚು, ಬಲಕ್ಕೆ ಮಾತ್ರ ಎರಡು ನೂಲು ಹೆಚ್ಚು. ಆಮೇಲೆ ಗಾರೆಯವರ ಹಳೆಯ ಪರೀಕ್ಷೆ: ಒಂದು ಗೋಡೆಯ ಮೇಲೆ ಮೂರಡಿಗೆ ಗುರುತು, ಇನ್ನೊಂದರ ಮೇಲೆ ನಾಲ್ಕಡಿಗೆ ಗುರುತು, ನಡುವೆ ಅಡ್ಡಲಾಗಿ ಟೇಪು. ಮೂಲೆಮಟ್ಟ ಸರಿಯಿದ್ದರೆ ಐದಡಿ ಬರಬೇಕು. ಒಂದಿಂಚು ಕಮ್ಮಿ ಬಂತು.

ಮಗನ ಮುಖ ಸಣ್ಣದಾಯಿತು. ಕರ್ಟನ್‌ನವರಿಗೆ ಅದೇನೂ ಹೊಸದಲ್ಲ. ಎರಡು ರಾಡನ್ನು ಕೂಡಿಸುವ ಎಲ್-ಬೆಂಡ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ಲಂಬಕೋನಕ್ಕೆ ಹುಟ್ಟಿದ್ದು. ಇಲ್ಲಿ ಸೊಟ್ಟಗೆ ನಿಲ್ಲುತ್ತದೆ. ಎರಡು ಬೇರೆ ರಾಡು ಹಾಕುವುದೇ ಲೇಸು. ದಕ್ಷಿಣದ ರಾಡು ಮೂಲೆಗೆ ಮುಟ್ಟುತ್ತದೆ, ಪಡುವಣದ್ದು ನಾಲ್ಕಿಂಚು ಮುಂಚೆಯೇ ನಿಲ್ಲುತ್ತದೆ. ಮೊದಲ ರಾಡಿನ ಬ್ರಾಕೆಟ್ ಗೋಡೆಯಿಂದ ಮುಂದಕ್ಕೆ ಚಾಚಿರುತ್ತದಲ್ಲ, ಎರಡನೆಯದು ಅದಕ್ಕೆ ಜಾಗ ಬಿಟ್ಟುಕೊಡಬೇಕು. ಹೊರತುದಿಗಳಲ್ಲಿ ಎಂಟೆಂಟು ಇಂಚು ಗೋಡೆಯ ಮೇಲಕ್ಕೆ ಹೋಗಲಿ ಎಂದರು. ಸರಿಸಿದ ಪರದೆ ಮುದ್ದೆಯಾಗಿ ನಿಲ್ಲುವುದು ಅಲ್ಲಿ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಮೂಲೆಯಲ್ಲಿ ಏನೂ ಉಳಿಯಬಾರದು, ಬೆಟ್ಟವೊಂದನ್ನು ಬಿಟ್ಟು.

ಲೆಕ್ಕಕ್ಕೆ ಕೂತದ್ದು ಅಜ್ಜಿಯ ಮಂಚದ ಮೇಲೆ. ಬಟ್ಟೆಯ ಪನ್ನ 48 ಇಂಚು, ಅಂಚು ಮಡಚಿದರೆ 45. ಒಂದು ತುಂಡಿಗೆ ಐದು ಪ್ಲೀಟು, ಒಂದೊಂದೂ ನಾಲ್ಕೂವರೆ ಇಂಚು ನುಂಗುತ್ತದೆ, ಉಳಿಯುವುದು ಇಪ್ಪತ್ತೆರಡೂವರೆ. ಅಂದರೆ ಕಿಟಕಿಯ ಎರಡರಷ್ಟು ಬಟ್ಟೆ ಬೇಕು.

"ಅರ್ಧ ಬಟ್ಟೆ ಮಡಿಕೇಲೇ ಹೋಯ್ತಲ್ಲಪ್ಪ!" ಎಂದರು ಅಜ್ಜಿ.

"ನಿಮ್ ಸೀರೇಲಿ ಹೋಗಲ್ವಾ ಅಜ್ಜಿ? ನಿರಿಗೆ ಇಲ್ದೆ ಉಟ್ರೆ ಹೆಂಗಿರುತ್ತೆ?"

ಅಜ್ಜಿ ಮರುಮಾತಾಡದೆ ಸ್ಯಾಂಪಲ್ ಪುಸ್ತಕ ಎಳೆದುಕೊಂಡು ಒಂದು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೂರು ಮಡಿಕೆ ಮಾಡಿ ಬಿಟ್ಟರು. ಬಟ್ಟೆ ಪಟ್ಟನೆ ಬಿಚ್ಚಿಕೊಂಡಿತು. "ಇದು ನಿಲ್ಲಲ್ಲ" ಎಂದು ಪುಟ ತಿರುವಿದರು. ಐದನೆಯದು ನಿಂತಿತು. ಮೇಲುಪಟ್ಟಿಗೆ ಬಕ್ರಂ ಹಾಕುವುದರಿಂದ ಯಾವುದಾದರೂ ನಿಲ್ಲುತ್ತದೆ ಎಂದು ಹೇಳಬಹುದಿತ್ತು. ಕರ್ಟನ್‌ನವರು ಜಾಣರು, ಹೇಳಲಿಲ್ಲ.

ಮೇಲೆ ಆರಿಂಚು, ಕೆಳಗೆ ಆರಿಂಚು ಇಳಿದು ಪರದೆ ಐದಡಿ. ಮಡಿಕೆಗೆ ಒಂದಡಿ ಸೇರಿ ತುಂಡಿಗೆ ಆರಡಿ. ದಕ್ಷಿಣಕ್ಕೆ ಮೂರು ತುಂಡು, ಪಡುವಣಕ್ಕೆ ಎರಡೂವರೆ. ಅರ್ಧ ಪನ್ನ ಯಾರೂ ಕೊಡುವುದಿಲ್ಲವಾದ್ದರಿಂದ ಆರು ತುಂಡು, 11 ಮೀಟರ್. ಬಿಸಿಲಿನ ಕಡೆಗೆ ಒಳಗೊಂದು ಲೈನಿಂಗ್ ಬೇಕೆಂದು ಸೊಸೆ ಕೇಳಿದಳು. ಪಡುವಣಕ್ಕೆ ವರ್ಷವಿಡೀ ಸಂಜೆಬಿಸಿಲು. ದಕ್ಷಿಣಕ್ಕೆ ಆಗಸ್ಟ್ ಕಳೆದ ಮೇಲೆ, ಸೂರ್ಯ ನೆತ್ತಿ ಬಿಟ್ಟು ಆ ಕಡೆ ವಾಲಿದಾಗ. ಮತ್ತೆ ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ. ಎರಡಕ್ಕೂ ಬರೆದುಕೊಂಡರು.

ಟೇಪು ಚಟ್ಟೆಂದು ಡಬ್ಬಿಯೊಳಗೆ ಸೇರಿತು. ಅವರು ಮೆಟ್ಟಿಲಿಳಿಯುವಾಗ ಅಜ್ಜಿ ಹಿಂದಿನಿಂದ ಕೂಗಿದರು: "ಉಳಿಯೋ ಅರ್ಧ ತುಂಡು ಎಸೀಬೇಡಪ್ಪ. ದೇವ್ರ ಗೂಡಿಗೆ ಹೊಲ್ಕೊಡು, ಅದಕ್ಕೂ ನಿರಿಗೆ ಇರ್ಲಿ."

ಅವರು ಮತ್ತೆ ಮೇಲೆ ಹತ್ತಿ ಬಂದು ದೇವರ ಗೂಡನ್ನು ಅಳೆದರು. ಅದಕ್ಕೆ ಮೂಲೆಯ ತಕರಾರೇನೂ ಇರಲಿಲ್ಲ.