ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ

ಕಳೆದ ವರ್ಷ ಜುಲೈ ಕೊನೆಯ ವಾರ. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬ ಊರು. ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ ಮಂಡಿಯೂರಿ ಕುಳಿತು ನಾನು ಗೆಡ್ಡೆ ನೆಡುತ್ತಿದ್ದೆ. ಎಂ.ಎಸ್. ಮುಗಿದು ಎರಡು ತಿಂಗಳು ದಾಟಿತ್ತು. ಕೆಲಸ ಸಿಕ್ಕಿರಲಿಲ್ಲ. ನನ್ನ ಲೆಕ್ಕದಲ್ಲಿ ಅಂದು 41ನೇ ದಿನ.

ಏನಿದು ದಿನದ ಲೆಕ್ಕ ಎಂದರೆ, ಇಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಒಂದು ವರ್ಷ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಆ ವರ್ಷದಲ್ಲಿ ಎಲ್ಲ ಸೇರಿ 90 ದಿನ ಮಾತ್ರ ನಿರುದ್ಯೋಗಿಯಾಗಿರಬಹುದು. ಅದು ಮುಗಿದರೆ ಗಂಟುಮೂಟೆ ಕಟ್ಟಬೇಕು. ಶಿಕ್ಷಣ ಸಾಲ ಮಾಡಿ ಬಂದವನಿಗೆ ಈ 90 ಎಂಬ ಅಂಕಿ ರಾತ್ರಿ ನಿದ್ದೆಯಲ್ಲೂ ಬರುತ್ತದೆ. ನಾನು ಬೆಳಿಗ್ಗೆ ಎದ್ದು ಅರ್ಜಿ ಹಾಕುತ್ತಿದ್ದೆ, ಮಧ್ಯಾಹ್ನ ತಿರಸ್ಕಾರದ ಇ–ಮೇಲ್ ಓದುತ್ತಿದ್ದೆ, ಸಂಜೆ ಕ್ಯಾಲೆಂಡರಿನಲ್ಲಿ ಒಂದು ದಿನ ಹೊಡೆದು ಹಾಕುತ್ತಿದ್ದೆ.

ಮನೆಯ ಒಡತಿ ನಿವೃತ್ತ ಶಿಕ್ಷಕಿ. ವಯಸ್ಸು ಎಪ್ಪತ್ತು ದಾಟಿದೆ. ನಾನು ಅವರನ್ನು ‘ಅಜ್ಜಿ’ ಎಂದೇ ಕರೆಯುವುದು. ಅರ್ಥ ಹೇಳಿದ ಮೇಲೆ ಅವರಿಗೂ ಅದು ಇಷ್ಟವಾಗಿತ್ತು. ನೆಲಮಾಳಿಗೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತೇ ಇರುವ ನನ್ನನ್ನು ನೋಡಲಾರದೆ, ಅಂದು ಬೆಳಿಗ್ಗೆ ಕೈಗೆ ಒಂದು ಜೊತೆ ಗ್ಲೌಸ್ ಕೊಟ್ಟು, ‘ಬಾ, ಇವತ್ತು ಐರಿಸ್ ಅಗೆಯೋಣ’ ಎಂದರು.

ಗಡ್ಡದ ಐರಿಸ್ ಹೂವನ್ನು ನಾನು ಮೇ ತಿಂಗಳಲ್ಲೇ ನೋಡಿದ್ದೆ. ಮನೆಯ ದಕ್ಷಿಣದ ಗೋಡೆಯುದ್ದಕ್ಕೂ, ನೆರಳೇ ಇಲ್ಲದ ಜಾಗದಲ್ಲಿ, ಸೊಂಟದೆತ್ತರದ ಕಾಂಡಗಳ ಮೇಲೆ ನೇರಳೆ, ಹಳದಿ, ಕಂದು, ಬಿಳಿ ಬಣ್ಣದ ದೊಡ್ಡ ಹೂಗಳು. ಪ್ರತಿ ಹೂವಿನಲ್ಲೂ ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಇಳಿಬಿದ್ದಿರುತ್ತವೆ. ಇಳಿಬಿದ್ದ ಎಸಳಿನ ಮೇಲೆ ಕಂಬಳಿಹುಳುವಿನಂತೆ ರೋಮದ ಒಂದು ಸಾಲು. ಅದೇ ಗಡ್ಡ. ಜೇನುನೊಣಕ್ಕೆ ದಾರಿ ತೋರಿಸುವುದು ಅದರ ಕೆಲಸ. ಐರಿಸ್ ಎಂದರೆ ಗ್ರೀಕರ ಕಾಮನಬಿಲ್ಲಿನ ದೇವತೆ. ಅಚ್ಚ ಕೆಂಪು ಒಂದನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಬಣ್ಣಗಳೂ ಇದರಲ್ಲಿವೆ. ನಮ್ಮ ದೇಶದಲ್ಲಿ ಇದನ್ನು ನೋಡಬೇಕೆಂದರೆ ವಸಂತದಲ್ಲಿ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿ ಗೋರಿಗಳ ಮೇಲೆ ಇದನ್ನು ನೆಡುವ ರೂಢಿ ಇದೆ.

ಫೋರ್ಟ್ ಕಾಲಿನ್ಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 40 ಸೆಂ.ಮೀ. ಆಸುಪಾಸು. ಬಿಸಿಲು ಮಾತ್ರ ಧಾರಾಳ. ಚಳಿಗಾಲ ಕಠಿಣ. ಗಡ್ಡದ ಐರಿಸ್‌ಗೆ ಇಂಥ ಜಾಗವೇ ಬೇಕು. ಇಲ್ಲಿಂದ ಒಂದು ಗಂಟೆಯ ದಾರಿಯ ಬೋಲ್ಡರ್‌ನಲ್ಲಿ 1905ರಿಂದ ನಡೆದುಬಂದಿರುವ ‘ಲಾಂಗ್ಸ್ ಗಾರ್ಡನ್ಸ್’ ಎಂಬ ಐರಿಸ್ ತೋಟವಿದೆ. ಹೂವಿನ ಕಾಲದಲ್ಲಿ ಅಲ್ಲಿಗೆ ಹೋದವರು ಬೇಕಾದ ಬಣ್ಣ ಆರಿಸಿ, ತಾವೇ ಅಗೆದು ಗಿಡ ಒಯ್ಯುತ್ತಾರೆ. ಅಜ್ಜಿಯ ಗಿಡಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಬಂದವು.

ಮೂರು–ನಾಲ್ಕು ವರ್ಷಕ್ಕೊಮ್ಮೆ ಇವುಗಳನ್ನು ಅಗೆದು, ಬಿಡಿಸಿ, ಮತ್ತೆ ನೆಡಬೇಕು. ಇಲ್ಲದಿದ್ದರೆ ಗೆಡ್ಡೆಗಳು ಒಂದರ ಮೇಲೊಂದು ಹತ್ತಿ ಬುಡ ಕಿಕ್ಕಿರಿಯುತ್ತದೆ, ಹೂ ಕಡಿಮೆಯಾಗುತ್ತದೆ. ಹೂವಿನ ಕಾಲ ಮುಗಿದು ಆರು ವಾರದ ನಂತರ, ಜುಲೈ–ಆಗಸ್ಟ್‌ನಲ್ಲಿ ಈ ಕೆಲಸ. ಮಣ್ಣಿನಿಂದ ಮೊದಲ ಬುಡ ಎದ್ದು ಬಂದಾಗ ನನಗೆ ನಗು ಬಂತು. ಥೇಟ್ ನಮ್ಮೂರ ಶುಂಠಿ!

ನಮ್ಮದು ಹಾಸನ ಜಿಲ್ಲೆ. ಅಪ್ಪ ಶುಂಠಿ ಬೆಳೆಯುತ್ತಾರೆ. ಗೆಡ್ಡೆ ನೆಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಹಮ್ಮಿನಲ್ಲಿ, ಅಜ್ಜಿ ಒಳಗೆ ಹೋಗಿ ಬರುವಷ್ಟರಲ್ಲಿ ಹನ್ನೊಂದು ಗೆಡ್ಡೆ ನೆಟ್ಟುಬಿಟ್ಟೆ. ಎರಡು–ಮೂರು ಇಂಚು ಆಳದಲ್ಲಿಟ್ಟು, ಮೇಲೆ ಮಣ್ಣೆಳೆದು, ಒಣ ಹುಲ್ಲು ಹೊದಿಸಿ, ಬಕೆಟ್ ತುಂಬ ನೀರು ಹೊಯ್ದೆ. ಅಜ್ಜಿ ಬಂದು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಚೆನ್ನಾಗಿ ನೆಟ್ಟಿದ್ದೀಯ. ಆದರೆ ಇದು ಶುಂಠಿಯಲ್ಲ.’

ಐರಿಸ್ ಗೆಡ್ಡೆಯ ಬೆನ್ನು ಬಿಸಿಲು ಕಾಯಬೇಕು. ಗುಂಡಿಯ ನಡುವೆ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಗೆಡ್ಡೆಯನ್ನು ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು, ಬೇರಿಗೆ ಮಾತ್ರ ಮಣ್ಣು ಮುಚ್ಚಬೇಕು. ನೀರಿನಲ್ಲಿ ತೇಲುವ ಬಾತುಕೋಳಿಯಂತೆ ಗೆಡ್ಡೆಯ ಬೆನ್ನು ಹೊರಗೆ ಕಾಣುತ್ತಿರಬೇಕು. ಎಲೆಗಳನ್ನು ಬೀಸಣಿಗೆಯ ಆಕಾರಕ್ಕೆ ಅರ್ಧ ಅಡಿಯಷ್ಟು ಉಳಿಸಿ ಕತ್ತರಿಸಬೇಕು. ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಅಡಿ ಅಂತರ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು. ನೀರು ನಿಲ್ಲದ ಮಣ್ಣು. ನೆಟ್ಟ ಹೊಸತರಲ್ಲಿ ಬೇರು ಹಿಡಿಯುವವರೆಗೆ ನೀರು ಕೊಡಬೇಕು, ಆಮೇಲೆ ಮಣ್ಣು ಒಣಗಿದಾಗ ಮಾತ್ರ. ಸಾರಜನಕ ಜಾಸ್ತಿಯಿರುವ ಗೊಬ್ಬರ ಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ, ಗೆಡ್ಡೆ ಮೆತ್ತಗಾಗಿ ಕೊಳೆಯಲು ದಾರಿಯಾಗುತ್ತದೆ.

ಕೊಳೆತದ್ದನ್ನೂ ಅಂದೇ ನೋಡಿದೆ. ಚಾವಣಿಯ ನೀರು ಬೀಳುವ ಮೂಲೆಯ ಒಂದು ಬುಡ ಹಿಸುಕಿದರೆ ಒಳಗೆ ಅಂಬಲಿಯಂತಾಗಿತ್ತು. ಆ ನಾತ ನನಗೆ ಹೊಸದಲ್ಲ. ಮಳೆ ಹಿಡಿದ ವರ್ಷ ನಮ್ಮ ಶುಂಠಿ ಗದ್ದೆಯಲ್ಲೂ ಕೊಳೆರೋಗ ಬಂದು ಹೀಗೇ ನಾರುತ್ತದೆ. ರೋಗಾಣು ಬೇರೆ ಬೇರೆ, ಆದರೆ ನಿಂತ ನೀರು ಎರಡಕ್ಕೂ ಶತ್ರು. ಅಜ್ಜಿ ಒಂದು ಹಳೆಯ ಚಮಚದಿಂದ ಕೊಳೆತ ಭಾಗವನ್ನೆಲ್ಲ ಗಟ್ಟಿ ತಿರುಳು ಸಿಗುವವರೆಗೆ ಕೆರೆದು ತೆಗೆದರು. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅದ್ದಿದರು. ಬಿಸಿಲಿಗೆ ಇಟ್ಟರು. ‘ಇದಕ್ಕೆ ಔಷಧಿಗಿಂತ ಬಿಸಿಲೇ ಮುಖ್ಯ’ ಎಂದರು.

ನಂತರ ಗೆಡ್ಡೆ ಬಿಡಿಸಲು ಕುಳಿತೆವು. ಪ್ರತಿ ಗುಂಪಿನ ನಡುವೆ ಒಂದು ದಪ್ಪ ಗೆಡ್ಡೆ, ಅದರ ಎರಡೂ ಬದಿಗೆ ಬೆರಳಿನಷ್ಟು ದಪ್ಪದ ಮರಿಗಳು. ನಾನು ದಪ್ಪದ್ದನ್ನು ಜೋಪಾನವಾಗಿ ಒಂದು ಕಡೆ ಇಡುತ್ತಿದ್ದೆ, ಮರಿಗಳನ್ನು ಇನ್ನೊಂದು ಕಡೆ. ಅಜ್ಜಿ ನಾನಿಟ್ಟ ದಪ್ಪ ಗೆಡ್ಡೆಗಳನ್ನು ಒಂದೊಂದಾಗಿ ಎತ್ತಿ ಕಾಂಪೋಸ್ಟ್ ಬುಟ್ಟಿಗೆ ಎಸೆದರು.

‘ಅಯ್ಯೋ, ಅದೇ ತಾನೇ ಒಳ್ಳೆಯದು!’ ಎಂದೆ.

‘ಅದು ಈ ವರ್ಷ ಹೂ ಬಿಟ್ಟಾಯಿತು. ಒಂದು ಗೆಡ್ಡೆ ಒಂದೇ ಸಲ ಹೂ ಬಿಡುವುದು. ಎಷ್ಟು ಆರೈಕೆ ಮಾಡಿದರೂ ಅದರಿಂದ ಮತ್ತೆ ಹೂ ಬರುವುದಿಲ್ಲ. ಮುಂದಿನ ಹೂವೆಲ್ಲ ಈ ಮರಿಗಳದ್ದು’ ಎಂದರು.

ಆ ಮಾತು ಕೇಳಿ ನಾನು ಸುಮ್ಮನಾದೆ. ನನ್ನ ಬಯೊಡೇಟಾದ ಮೊದಲ ಸಾಲಿನಲ್ಲಿ ಇದ್ದದ್ದು ‘ಬಿ.ಇ. ಸಿವಿಲ್, ವಿಶ್ವವಿದ್ಯಾಲಯಕ್ಕೆ ಐದನೇ ರ‍್ಯಾಂಕ್’. ಅದು ಬಂದು ಮೂರು ವರ್ಷವಾಗಿತ್ತು. ನಮ್ಮೂರಿನಲ್ಲಿ ಬ್ಯಾನರ್ ಕಟ್ಟಿದ್ದರು, ಶಾಲು ಹೊದಿಸಿದ್ದರು. ಇಲ್ಲಿ ಸಂದರ್ಶನ ಮಾಡಿದವರಲ್ಲಿ ಒಬ್ಬರೂ ಅದರ ಬಗ್ಗೆ ಕೇಳಿರಲಿಲ್ಲ. ಕೇಳಲಿಲ್ಲವಲ್ಲ ಎಂಬ ಬೇಸರದಲ್ಲೇ ನಾನು ಮುಂದಿನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದೆ. ಎಂ.ಎಸ್.ನಲ್ಲಿ ಮಣ್ಣಿನ ತೇವಾಂಶ ಅಳೆಯುವ ಒಂದು ಪ್ರಾಜೆಕ್ಟ್ ಮಾಡಿದ್ದೆ. ಅರ್ಧಂಬರ್ಧ, ಇನ್ನೂ ಬೆಳೆಯಬೇಕಾದ ಕೆಲಸ. ಅದು ಬಯೊಡೇಟಾದ ಎರಡನೇ ಪುಟದ ಕೊನೆಯಲ್ಲಿತ್ತು. ದಪ್ಪ ಗೆಡ್ಡೆಯನ್ನು ಜೋಪಾನ ಮಾಡಿ, ಮರಿಯನ್ನು ಮೂಲೆಗೆ ಹಾಕಿದ್ದೆ.

ಅಂದು ರಾತ್ರಿ ಬಯೊಡೇಟಾ ತಿದ್ದಿದೆ. ರ‍್ಯಾಂಕನ್ನು ಅಳಿಸಲಿಲ್ಲ, ಶಿಕ್ಷಣದ ವಿವರದಲ್ಲಿ ಅದಕ್ಕೆ ಸಲ್ಲಬೇಕಾದ ಅರ್ಧ ಸಾಲು ಕೊಟ್ಟೆ. ಪ್ರಾಜೆಕ್ಟನ್ನು ಮೇಲಕ್ಕೆ ತಂದೆ. ಓದಿದಾಗ ಅದು ಎಷ್ಟು ಅಪೂರ್ಣ ಎಂದು ನನಗೇ ಗೊತ್ತಾಯಿತು. ಮುಂದಿನ ಮೂರು ವಾರ ಅರ್ಜಿಗಳನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಅದನ್ನು ಪೂರ್ತಿ ಮಾಡಿದೆ. ಆ ಕೆಲಸವನ್ನೇ ಮುಂದಿಟ್ಟುಕೊಂಡು ಕೆಲವು ಪ್ರಾಧ್ಯಾಪಕರಿಗೆ ಬರೆದೆ. 68ನೇ ದಿನ ಒಂದು ಪ್ರಯೋಗಾಲಯದಲ್ಲಿ ವಾರಕ್ಕೆ 20 ಗಂಟೆಯ ಸಹಾಯಕನ ಕೆಲಸ ಸಿಕ್ಕಿತು. ಸಂಬಳ ಬಾಡಿಗೆಗೆ, ಊಟಕ್ಕೆ ಸರಿಹೋಗುವಷ್ಟು. ಆದರೆ ವಾರಕ್ಕೆ 20 ಗಂಟೆ ಕೆಲಸವಿದ್ದರೆ ದಿನದ ಲೆಕ್ಕ ನಿಲ್ಲುತ್ತದೆ. ಪೂರ್ಣಾವಧಿ ಕೆಲಸ ಸಿಕ್ಕಿದ್ದು ಫೆಬ್ರುವರಿಯಲ್ಲಿ, ನಾನು ಕನಸು ಕಂಡ ದೊಡ್ಡ ಕಂಪನಿಯಲ್ಲಲ್ಲ, ನೀರಾವರಿ ಸಲಕರಣೆಯ ಒಂದು ಸಣ್ಣ ಕಂಪನಿಯಲ್ಲಿ. ಐರಿಸ್ ನನಗೆ ಕೆಲಸ ಕೊಡಿಸಿತು ಎಂದರೆ ಸುಳ್ಳಾಗುತ್ತದೆ. ಏನನ್ನು ಎಸೆಯಬೇಕು, ಏನನ್ನು ನೆಡಬೇಕು ಎಂದು ಒಮ್ಮೆ ಕೂತು ವಿಂಗಡಿಸುವಂತೆ ಮಾಡಿತು, ಅಷ್ಟೇ.

ಅಂದು ನಾವು ನೆಟ್ಟದ್ದು ಒಟ್ಟು 36 ಗೆಡ್ಡೆ. ನಾನು ಶುಂಠಿಯಂತೆ ನೆಟ್ಟ ಹನ್ನೊಂದರಲ್ಲಿ ಎಂಟನ್ನು ಕಿತ್ತು ಸರಿಯಾಗಿ ನೆಡಿಸಿದ ಅಜ್ಜಿ, ಮೂರನ್ನು ಹಾಗೇ ಬಿಡಿಸಿದ್ದರು. ‘ಮುಂದಿನ ವರ್ಷ ನೀನೇ ನೋಡುವೆಯಂತೆ’ ಎಂದಿದ್ದರು. ಚಳಿಗಾಲದಲ್ಲಿ ಅವುಗಳ ಮೇಲೆ ಹಿಮ ಬಿದ್ದಾಗ ಎಲ್ಲ ಸತ್ತೇಹೋದವು ಎಂದುಕೊಂಡೆ. ಆದರೆ ಈ ಗಿಡಕ್ಕೆ ಆ ಚಳಿ ಬೇಕೇ ಬೇಕು. ಚಳಿ ಕಾಣದಿದ್ದರೆ ಮೊಗ್ಗು ಕಟ್ಟುವುದಿಲ್ಲ. ಈ ಮೇ ತಿಂಗಳಲ್ಲಿ ಸರಿಯಾಗಿ ನೆಟ್ಟ 33ರಲ್ಲಿ 14 ಹೂ ಬಿಟ್ಟವು. ಆಳದಲ್ಲಿ ಹೂತ ಮೂರರಲ್ಲಿ ಒಂದು ಕೊಳೆತಿತ್ತು, ಎರಡರಲ್ಲಿ ಎಲೆ ಮಾತ್ರ. ಉಳಿದ 19 ಯಾಕೆ ಬಿಡಲಿಲ್ಲ ಎಂದು ಕೇಳಿದೆ. ‘ಅವು ಸಣ್ಣವಿದ್ದವು. ಬಿಡಿಸಿ ನೆಟ್ಟ ಮೊದಲ ವರ್ಷ ಎಲ್ಲವೂ ಬಿಡುವುದಿಲ್ಲ. ಅವುಗಳಿಗೆ ಏನೂ ಆಗಿಲ್ಲ, ಸುಮ್ಮನೆ ಬಿಡು’ ಎಂದರು. ನನ್ನ ತರಗತಿಯ ಗೆಳೆಯರಲ್ಲಿ ಮೂವರು ಇನ್ನೂ ಕೆಲಸ ಹುಡುಕುತ್ತಿದ್ದಾರೆ. ಒಬ್ಬ ವಾಪಸ್ ಊರಿಗೆ ಹೋದ. ಈ ಉತ್ತರವನ್ನು ಅವರಿಗೂ ಕಳುಹಿಸಿದೆ.

ಎಸೆದ ಗೆಡ್ಡೆಯ ಬಗ್ಗೆ ಒಂದು ಮಾತು. ಇಟಲಿಯ ಟಸ್ಕನಿಯಲ್ಲಿ ಗಡ್ಡದ ಐರಿಸ್‌ನ ಒಂದು ಜಾತಿಯನ್ನು ಗೆಡ್ಡೆಗಾಗಿಯೇ ಬೆಳೆಯುತ್ತಾರೆ. ಅಗೆದು, ಸಿಪ್ಪೆ ಹೆರೆದು, ಒಣಗಿಸಿ, ವರ್ಷಗಟ್ಟಲೆ ಇಡುತ್ತಾರೆ. ಹಸಿಯಾಗಿದ್ದಾಗ ಇಲ್ಲದ ಪರಿಮಳ ಇಟ್ಟಲ್ಲೇ ನಿಧಾನವಾಗಿ ಹುಟ್ಟುತ್ತದೆ, ಬೆಲೆಬಾಳುವ ಸುಗಂಧದ್ರವ್ಯವಾಗುತ್ತದೆ. ಹಳೆಯದು ದಂಡ ಎಂದಲ್ಲ. ಅದರಿಂದ ಮತ್ತೆ ಹೂವನ್ನು ಮಾತ್ರ ಕೇಳಬಾರದು.

ಹೂವಿನ ಫೋಟೊ ನೋಡಿದ ಅಪ್ಪ, ‘ಬರುವಾಗ ನಾಲ್ಕು ಗೆಡ್ಡೆ ತಾ’ ಎಂದರು. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗೆಡ್ಡೆಯನ್ನು ವಿಮಾನದಲ್ಲಿ ತರುವಂತಿಲ್ಲ. ತಂದರೂ ಹಾಸನದ ಚಳಿ ಇದಕ್ಕೆ ಸಾಲದು, ಎಲೆ ಬಂದೀತು, ಹೂ ಬರಲಿಕ್ಕಿಲ್ಲ ಎಂದು ಹೇಳಿದೆ. ಹಾಗೇ ಮಾತಿಗೆ, ಇದರ ಒಂದು ಗೆಡ್ಡೆ ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಪಕ್ಕದ ಮರಿಗಳ ಸರದಿ ಎಂದು ದೊಡ್ಡ ಸಂಗತಿಯಂತೆ ವಿವರಿಸಿದೆ.

ಅಪ್ಪ ನಕ್ಕರು. ‘ಅದಕ್ಕೆ ಅಮೆರಿಕಕ್ಕೆ ಯಾಕೋ ಹೋಗಬೇಕಿತ್ತು? ಹಿತ್ತಲಿನ ಬಾಳೆ ನೋಡಿಲ್ವಾ? ಗೊನೆ ಕಡಿದ ಮೇಲೆ ಆ ದಿಂಡನ್ನು ಯಾರಾದರೂ ಕಾಯುತ್ತಾ ಕೂರ್ತಾರಾ? ಪಕ್ಕದ ಕಂದಿಗೆ ನೀರು ಹಾಕ್ತಾರೆ.’